ಸುರಂಗಕ್ಕಿಂತ ಮೊದಲು ಒಂದು ನಿಜವಾದ ವೆಬ್‌ಸೈಟ್ ಕಟ್ಟಿ

ಪ್ರಶ್ನೆ: ನಾವು ಮೂವರು ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಕೊನೆ ವರ್ಷದಲ್ಲಿ ಓದುತ್ತಿದ್ದೇವೆ. ಸೆನ್ಸಾರ್ ಇರುವ ಕಡೆಗೂ ಇಂಟರ್ನೆಟ್ ತಲುಪಿಸುವ ಸರ್ವರ್ ಕಟ್ಟುವುದು ನಮ್ಮ ಪ್ರಾಜೆಕ್ಟ್. ಲ್ಯಾಪ್‌ಟಾಪಿನ ಟ್ರಾಫಿಕ್ಕನ್ನು ಬೇಸ್64 ಮಾಡಿ (ಅಂದರೆ ಬರೀ ಅಕ್ಷರ, ಅಂಕಿಗಳಾಗಿ ಬದಲಿಸಿ), ಎಚ್‌ಟಿಟಿಪಿ ಪೋಸ್ಟ್ ರಿಕ್ವೆಸ್ಟ್ ಒಳಗೆ ತುಂಬಿ, ಬಾಡಿಗೆಗೆ ತೆಗೆದುಕೊಂಡ ಸರ್ವರ್‌ಗೆ ಕಳಿಸುತ್ತೇವೆ. ಅಲ್ಲಿಂದ ಅದು ಮುಂದೆ ಹೋಗುತ್ತದೆ. ಪೈಥಾನ್ ಭಾಷೆ ಮತ್ತು ಅದರ ಫ್ಲಾಸ್ಕ್ ಎಂಬ ವೆಬ್ ಲೈಬ್ರರಿ ಬಳಸಿದ್ದೇವೆ. ಕೆಲಸವೇನೋ ಮಾಡುತ್ತಿದೆ, ಆದರೆ ತುಂಬಾ ನಿಧಾನ. ನಮ್ಮ ಗೈಡ್ ಮೇಡಂ, "ಇದು ಬರೀ ಪ್ರಾಕ್ಸಿ ಅಲ್ವಾ? ಇದನ್ನ ಹಿಡಿಯೋದು ಕಷ್ಟ ಅಂತ ಹೇಗೆ ತೋರಿಸ್ತೀರಿ?" ಎಂದು ಕೇಳಿದರು. ಏನು ಹೇಳಬೇಕೆಂದು ತಿಳಿಯಲಿಲ್ಲ. ಇದನ್ನು ಹೇಗೆ ಸುಧಾರಿಸುವುದು? ಕಾನೂನಿನ ತೊಂದರೆ ಏನಾದರೂ ಬರುತ್ತದೆಯೇ?

ಉತ್ತರ: ನಿಮ್ಮ ಮೇಡಂ ಸರಿಯಾದ ಜಾಗಕ್ಕೇ ಕೈ ಹಾಕಿದ್ದಾರೆ. ಟ್ರಾಫಿಕ್ಕನ್ನು ಎಚ್‌ಟಿಟಿಪಿ ಒಳಗೆ ತುಂಬಿ ಸುರಂಗ ಮಾಡುವುದು ಒಂದು ವಾರಾಂತ್ಯದ ಕೆಲಸ. ನಿಮ್ಮ ಸರ್ವರ್ ಹೊರಗಿನವರ ಕಣ್ಣಿಗೆ ಏನಾಗಿ ಕಾಣುತ್ತದೆ ಅನ್ನುವುದೇ ನಿಜವಾದ ಪ್ರಾಜೆಕ್ಟ್. ಈಗಿನ ಸ್ಥಿತಿಯಲ್ಲಿ ಅದನ್ನು ಹಿಡಿಯುವುದು ಕಷ್ಟವೇನಲ್ಲ, ತುಂಬಾ ಸುಲಭ. ಯಾಕೆ ಅಂತ ನೋಡೋಣ.

ಮೊದಲು, ತಡೆಯುವವರು ಎಲ್ಲಿ ನಿಂತು ನೋಡುತ್ತಾರೆ ಅನ್ನುವುದು ಗೊತ್ತಿರಬೇಕು. ಒಂದು ಸೈಟು ತೆರೆಯುವಾಗ ಮೊದಲು ಆ ಹೆಸರಿನ ಐಪಿ ವಿಳಾಸ ಯಾವುದು ಎಂದು ಕೇಳುವ ಡಿಎನ್‌ಎಸ್ ಪ್ರಶ್ನೆ ಹೋಗುತ್ತದೆ. ಅಲ್ಲಿ ಸುಳ್ಳು ಉತ್ತರ ಕೊಡಬಹುದು. ಐಪಿ ವಿಳಾಸಕ್ಕೇ ದಾರಿ ಮುಚ್ಚಬಹುದು. ಬರೀ ಎಚ್‌ಟಿಟಿಪಿ ಆದರೆ ಸೈಟಿನ ಹೆಸರಿರುವ ಹೋಸ್ಟ್ ಹೆಡರ್ ಓದಬಹುದು. ಎಚ್‌ಟಿಟಿಪಿಎಸ್ ಆದರೂ ಅದನ್ನು ಮುಚ್ಚಿ ಕಳಿಸುವ ಪದರವಾದ ಟಿಎಲ್‌ಎಸ್‌ನ ಮೊದಲ ಸಂದೇಶದಲ್ಲಿ ಎಸ್‌ಎನ್‌ಐ ಅಂತ ಒಂದು ಭಾಗ ಇದೆ. ಯಾವ ಸೈಟು ಬೇಕು ಅನ್ನುವ ಹೆಸರು ಅದರಲ್ಲಿ ಬಿಚ್ಚಿಟ್ಟಂತೆ ಹೋಗುತ್ತದೆ. 2018ರ ಟಿಎಲ್‌ಎಸ್ 1.3, ಸೈಟಿನ ಗುರುತು ಸಾಬೀತು ಮಾಡುವ ಸರ್ಟಿಫಿಕೇಟನ್ನು ಮುಚ್ಚಿತು, ಈ ಹೆಸರನ್ನು ಮಾತ್ರ ಹಾಗೇ ಬಿಟ್ಟಿತು. ನಮ್ಮ ದೇಶದಲ್ಲೂ ಎಲ್ಲ ಕಂಪನಿಗಳು ಒಂದೇ ರೀತಿ ತಡೆಯುವುದಿಲ್ಲ. ಒಬ್ಬರು ಡಿಎನ್‌ಎಸ್‌ನಲ್ಲಿ ತಡೆದರೆ ಇನ್ನೊಬ್ಬರು ಎಸ್‌ಎನ್‌ಐ ನೋಡಿ ಕತ್ತರಿಸುತ್ತಾರೆ. ಹಾಗಾಗಿ ಒಂದೇ ಸೈಟು ಮೊಬೈಲಿನಲ್ಲಿ ಬರುತ್ತದೆ, ಮನೆಯ ಬ್ರಾಡ್‌ಬ್ಯಾಂಡಿನಲ್ಲಿ ಬರುವುದಿಲ್ಲ. ಹಾಸ್ಟೆಲ್ಲಿನಲ್ಲಿ ಇದನ್ನು ನೀವೂ ನೋಡಿರಬೇಕು.

ಇಷ್ಟೆಲ್ಲ ಇರುವಾಗ ಎಚ್‌ಟಿಟಿಪಿಯೇ ಯಾಕೆ? ಗುರುತೇ ಸಿಗದ ಹಾಗೆ ಎಲ್ಲವನ್ನೂ ಕಲಸಿ ಕಳಿಸಿದರೆ ಸಾಲದೇ? ಬಹಳ ಕಾಲ ಆ ದಾರಿಯೂ ನಡೆಯಿತು. ಆದರೆ 2021ರ ನವೆಂಬರ್‌ನಿಂದ ಚೀನಾದ ಫೈರ್‌ವಾಲ್ ಇದನ್ನೇ ತಿರುಗಿಸಿ ಬಳಸತೊಡಗಿತು. ಹೊಸ ಕನೆಕ್ಷನ್ನಿನ ಮೊದಲ ಪ್ಯಾಕೆಟ್ಟು ನೋಡುತ್ತಿತ್ತು. ಅದು ಎಚ್‌ಟಿಟಿಪಿಯಂತೆ ಅಥವಾ ಟಿಎಲ್‌ಎಸ್‌ನಂತೆ ಇದ್ದರೆ ಬಿಡುತ್ತಿತ್ತು. ಮೊದಲ ಆರು ಬೈಟುಗಳು ಓದಲು ಬರುವ ಅಕ್ಷರಗಳಾಗಿದ್ದರೂ ಬಿಡುತ್ತಿತ್ತು. ಯಾವುದಕ್ಕೂ ಹೊಂದದೆ ಪೂರ್ತಿ ಕಲಸುಮೇಲೋಗರ ಆಗಿದ್ದರೆ ತಡೆಯುತ್ತಿತ್ತು. ಇದನ್ನು ಸಂಶೋಧಕರು 2023ರಲ್ಲಿ ವಿವರವಾಗಿ ಪ್ರಕಟಿಸಿದರು. ಅಂದರೆ ಗುರುತೇ ಇಲ್ಲದಿರುವುದೂ ಒಂದು ಗುರುತಾಯಿತು. ಇಡೀ ವೆಬ್ಬನ್ನು ಮುಚ್ಚಿದರೆ ಬ್ಯಾಂಕು, ವ್ಯಾಪಾರ ಎಲ್ಲವೂ ನಿಲ್ಲುತ್ತವೆ. ಅದಕ್ಕೇ ಎಲ್ಲರೂ ಕೊನೆಗೆ ವೆಬ್ಬಿನ ಒಳಗೇ ದಾರಿ ಹುಡುಕುವುದು.

ಈಗ ನಿಮ್ಮ ನಿಧಾನದ ವಿಷಯ. ಬೇಸ್64 ಬಿಟ್ಟುಬಿಡಿ. ಮೂರು ಬೈಟು ನಾಲ್ಕಾಗುತ್ತದೆ, ಮೂರನೇ ಒಂದು ಭಾಗ ಸುಮ್ನೆ ಹೆಚ್ಚಾಗುತ್ತದೆ. ಎಚ್‌ಟಿಟಿಪಿ ರಿಕ್ವೆಸ್ಟಿನ 'ಬಾಡಿ' ಭಾಗದಲ್ಲಿ ಬೈನರಿ ಹಾಗೇ ಹಿಡಿಸುತ್ತದೆ. ಹಾಗೆಯೇ ಇದೆಲ್ಲ ಟಿಎಲ್‌ಎಸ್ ಒಳಗೇ ಹೋಗಬೇಕು. ನಿಮ್ಮ ವಿವರಣೆಯಲ್ಲಿ ಆ ಮಾತೇ ಇಲ್ಲ. ಟಿಎಲ್‌ಎಸ್ ಇಲ್ಲದೆ ಕಳಿಸಿದರೆ ಮಧ್ಯದಲ್ಲಿ ಕೂತವರಿಗೆ ಬೇಸ್64 ಬಿಡಿಸುವುದು ಒಂದು ಸಾಲಿನ ಕೆಲಸ.

ನಿಧಾನಕ್ಕೆ ದೊಡ್ಡ ಕಾರಣ ಬೇರೆ. ಎಚ್‌ಟಿಟಿಪಿಯಲ್ಲಿ ಕ್ಲೈಂಟ್ ಕೇಳಿದರೆ ಮಾತ್ರ ಸರ್ವರ್ ಮಾತಾಡುತ್ತದೆ. ಸರ್ವರ್ ಕಡೆ ಡೇಟಾ ಬಂದು ಕಾಯುತ್ತಿದ್ದರೂ ನೀವು ಮುಂದಿನ ಪೋಸ್ಟ್ ಕಳಿಸುವವರೆಗೆ ಅದು ಬರುವುದಿಲ್ಲ. ಬಳಕೆದಾರರ ಗುರುತು ಮುಚ್ಚಿಡುವ ಟಾರ್ ಜಾಲದವರು ಸೆನ್ಸಾರ್ ದಾಟಲು ಮಾಡಿದ 2014ರ 'ಮೀಕ್' ಕೂಡ ಹೀಗೇ ನಡೆಯುವುದು. ಕಳಿಸಲು ಏನೂ ಇಲ್ಲದಾಗ ಅದು ಖಾಲಿ ಪೋಸ್ಟ್ ಕಳಿಸಿ ಕೇಳುತ್ತದೆ. ಮೊದಲು 100 ಮಿಲಿಸೆಕೆಂಡು ಬಿಟ್ಟು ಕೇಳುತ್ತದೆ. ಏನೂ ಬರದಿದ್ದರೆ ಪ್ರತಿ ಸಲ ಒಂದೂವರೆ ಪಟ್ಟು ಕಾಯುತ್ತದೆ, ಆದರೆ 5 ಸೆಕೆಂಡಿಗಿಂತ ಹೆಚ್ಚು ಕಾಯುವುದಿಲ್ಲ. ಒಂದು ಸಲಕ್ಕೆ 64 ಕಿಲೋಬೈಟಿಗಿಂತ ಜಾಸ್ತಿ ತುಂಬುವುದಿಲ್ಲ. ಒಂದು ರಿಕ್ವೆಸ್ಟ್ ಮುಗಿಯದೆ ಇನ್ನೊಂದನ್ನು ಬಿಡುವುದಿಲ್ಲ. ಹಾಗಾಗಿ ಡೇಟಾ ಹಿಂದುಮುಂದಾಗುವ ಗೋಜಿಲ್ಲ, ಆದರೆ ವೇಗವೂ ಇಲ್ಲ. ವೇಗಕ್ಕೆಂದು ನೀವು ಒಟ್ಟಿಗೆ ನಾಲ್ಕು ರಿಕ್ವೆಸ್ಟ್ ಬಿಟ್ಟರೆ ಪ್ರತಿ ತುಂಡಿಗೂ ಕ್ರಮಸಂಖ್ಯೆ ಬೇಕು. ಉತ್ತರ ದಾರಿಯಲ್ಲಿ ಕಳೆದುಹೋದರೆ ಮತ್ತೆ ಕಳಿಸುವ ವ್ಯವಸ್ಥೆ ಬೇಕು. ಒಂದೇ ತುಂಡು ಎರಡು ಸಲ ಬಂದರೆ ಗುರುತಿಸಬೇಕು. ಅಷ್ಟು ಹೊತ್ತಿಗೆ ನೀವು ಇಂಟರ್ನೆಟ್ಟಿನಲ್ಲಿ ಇದೇ ಕೆಲಸ ಮಾಡುವ ಟಿಸಿಪಿಯನ್ನು ಮತ್ತೊಮ್ಮೆ ಬರೆದಿರುತ್ತೀರಿ!

ಇದಕ್ಕೆ ಸರಳ ದಾರಿ ವೆಬ್‌ಸಾಕೆಟ್. 2011ರಿಂದ ಅಧಿಕೃತ ಮಾನದಂಡ. ಕ್ಲೈಂಟ್ ಒಂದು ಮಾಮೂಲಿ ಗೆಟ್ ರಿಕ್ವೆಸ್ಟ್ ಕಳಿಸುತ್ತದೆ, ಅದರಲ್ಲಿ 'ಅಪ್‌ಗ್ರೇಡ್' ಅನ್ನುವ ಹೆಡರ್ ಇರುತ್ತದೆ. ಸರ್ವರ್ 101, ಅಂದರೆ ಸರಿ, ಬದಲಾಯಿಸೋಣ ಎಂದು ಉತ್ತರಿಸುತ್ತದೆ. ಅಲ್ಲಿಂದ ಮುಂದೆ ಅದೇ ಕನೆಕ್ಷನ್ನಿನಲ್ಲಿ ಎರಡೂ ಕಡೆಯಿಂದ ಯಾವಾಗ ಬೇಕಾದರೂ ಡೇಟಾ ಹರಿಯಬಹುದು. ಚಾಟ್, ಕ್ರಿಕೆಟ್ ಸ್ಕೋರು, ಷೇರು ದರ ತೋರಿಸುವ ಸೈಟುಗಳು ದಿನವೂ ಬಳಸುವುದರಿಂದ ಇದು ಯಾರ ಕಣ್ಣಿಗೂ ವಿಚಿತ್ರವಾಗಿ ಕಾಣುವುದಿಲ್ಲ. ಟಾರ್ ಪ್ರಾಜೆಕ್ಟ್ 2024ರ ಮಾರ್ಚ್‌ನಲ್ಲಿ ಘೋಷಿಸಿದ 'ವೆಬ್‌ಟನೆಲ್' ಹಿಡಿದಿರುವುದೂ ಇದೇ ದಾರಿ. ಅದರ ಮೂಲ 2020ರ 'ಎಚ್‌ಟಿಟಿಪಿಟಿ' ಎಂಬ ಸಂಶೋಧನೆ. ನಿಮ್ಮ ವರದಿಯ ಹಿನ್ನೆಲೆ ಅಧ್ಯಾಯಕ್ಕೆ ಎರಡೂ ಬೇಕು, ಓದಿಕೊಳ್ಳಿ.

ಇನ್ನೊಂದು ಮಾತು. ಇಡೀ ಲ್ಯಾಪ್‌ಟಾಪಿನ ಐಪಿ ಪ್ಯಾಕೆಟ್ಟುಗಳನ್ನು ಹಿಡಿದು ತುಂಬುತ್ತಿದ್ದರೆ ಅದನ್ನು ನಿಲ್ಲಿಸಿ. ಟಿಸಿಪಿ ಒಳಗೆ ಟಿಸಿಪಿ ಇಟ್ಟರೆ ಲೈನು ಸ್ವಲ್ಪ ಕೆಟ್ಟ ಕೂಡಲೇ ಎರಡೂ ಪದರಗಳು ಕಳೆದುಹೋದದ್ದನ್ನು ಮತ್ತೆ ಮತ್ತೆ ಕಳಿಸಲು ಶುರು ಮಾಡುತ್ತವೆ, ಎಲ್ಲವೂ ಕುಸಿಯುತ್ತದೆ. ಬ್ರೌಸರಿಗೆ ಒಂದು ಸಾಕ್ಸ್5 ಪ್ರಾಕ್ಸಿ (ಬ್ರೌಸರಿನ ಕನೆಕ್ಷನ್ ಪಡೆದು ಮುಂದೆ ದಾಟಿಸುವ ಮಧ್ಯವರ್ತಿ) ಕೊಡಿ. ಒಳಗಿನ ಡೇಟಾವನ್ನು ಮಾತ್ರ ಸಾಗಿಸಿ.

ಇನ್ನು ಮೇಡಂ ಪ್ರಶ್ನೆ. ಎಚ್‌ಟಿಟಿಪಿಯ ವೇಷ ಹಾಕುವುದು ಒಂದು, ಎಚ್‌ಟಿಟಿಪಿಯೇ ಆಗಿರುವುದು ಇನ್ನೊಂದು. 2013ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದ ಸಂಶೋಧಕರು ಸ್ಕೈಪ್, ವೆಬ್ ಮುಂತಾದವನ್ನು ಅನುಕರಿಸುವ ಆಗಿನ ಸಾಧನಗಳನ್ನು ಪರೀಕ್ಷಿಸಿದರು. ಎಲ್ಲವೂ ಸಿಕ್ಕಿಬಿದ್ದವು. ಒಂದು ಸಾಧನದ ನಕಲಿ ವೆಬ್ ಸರ್ವರ್‌ಗೆ ತಪ್ಪಾದ ರಿಕ್ವೆಸ್ಟ್ ಕಳಿಸಿದರೆ ನಿಜವಾದ ಸರ್ವರ್ ಕೊಡುವ ಹಾಗೆ ಉತ್ತರ ಬರುತ್ತಿರಲಿಲ್ಲ. ಒಳ್ಳೆಯ ರಿಕ್ವೆಸ್ಟಿಗೆ ಎಲ್ಲರೂ ಒಂದೇ ರೀತಿ ಉತ್ತರಿಸುತ್ತಾರೆ. ಕೆಟ್ಟ ರಿಕ್ವೆಸ್ಟಿಗೆ ಕೊಡುವ ಉತ್ತರದಲ್ಲೇ ಜಾತಕ ಬಯಲಾಗುವುದು.

ನಿಮ್ಮ ಫ್ಲಾಸ್ಕ್ ಸರ್ವರನ್ನೇ ತೆಗೆದುಕೊಳ್ಳಿ. ಅದರ ಜೊತೆ ಬರುವ ಡೆವಲಪ್‌ಮೆಂಟ್ ಸರ್ವರ್ ಪ್ರತಿ ಉತ್ತರದಲ್ಲೂ 'ವರ್ಕ್‌ಜ್ಯೂಗ್' ಎಂದು ತನ್ನ ಹೆಸರು, ಪೈಥಾನ್ ಆವೃತ್ತಿ ಎರಡನ್ನೂ ಹೇಳಿಕೊಳ್ಳುತ್ತದೆ. ಮುಖಪುಟ ತೆರೆದರೆ ಬಹುಶಃ 404, ಅಂದರೆ ಪುಟ ಇಲ್ಲ. ನಿಮ್ಮ ಪೋಸ್ಟ್ ವಿಳಾಸವನ್ನು ಬ್ರೌಸರಿನಲ್ಲಿ ಗೆಟ್ ಮಾಡಿದರೆ 405, ಅಂದರೆ ಈ ರೀತಿಯ ರಿಕ್ವೆಸ್ಟ್ ಒಪ್ಪುವುದಿಲ್ಲ. ಮುಖಪುಟವೇ ಇಲ್ಲದೆ ಪೋಸ್ಟನ್ನು ಮಾತ್ರ ಒಪ್ಪುವ ಈ 'ವೆಬ್‌ಸೈಟ್' ಯಾರದು ಅಂತ ಯಾರಿಗಾದರೂ ಅನುಮಾನ ಬಂದೇ ಬರುತ್ತದೆ.

ಹೀಗೆ ಬಾಗಿಲು ತಟ್ಟಿ ನೋಡುವುದು ಊಹೆಯ ಮಾತಲ್ಲ. ಚೀನಾದ ಫೈರ್‌ವಾಲ್ ಅನುಮಾನ ಬಂದ ಸರ್ವರ್‌ಗೆ ತಾನೇ ಗ್ರಾಹಕನ ಹಾಗೆ ಕನೆಕ್ಟ್ ಆಗಿ ಪರೀಕ್ಷಿಸುವುದನ್ನು 2012ರ ಹೊತ್ತಿಗೇ ಸಂಶೋಧಕರು ದಾಖಲಿಸಿದ್ದರು. ಟಾರ್ ಭಾಷೆಯಲ್ಲಿ ಮಾತಾಡಿಸಿ ನೋಡುತ್ತದೆ. ಅದೇ ಭಾಷೆಯಲ್ಲಿ ಉತ್ತರ ಬಂತೋ, ಆ ಸರ್ವರಿಗೆ ದಾರಿ ಬಂದ್.

ಆದ್ದರಿಂದ ನನ್ನ ಸಲಹೆ: ಮೊದಲು ಒಂದು ನಿಜವಾದ ವೆಬ್‌ಸೈಟ್ ಕಟ್ಟಿ. ಸುರಂಗ ಆಮೇಲೆ. ಒಂದು ಡೊಮೈನ್ ಕೊಳ್ಳಿ. ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ಹಾಕಿ. ಲೆಟ್ಸ್ ಎನ್‌ಕ್ರಿಪ್ಟ್‌ನಿಂದ ಉಚಿತ ಸರ್ಟಿಫಿಕೇಟ್ ತನ್ನಿ. 90 ದಿನದೊಳಗೆ ನವೀಕರಣ ಆಗಬೇಕು, ಅದನ್ನು ತಾನಾಗಿಯೇ ಆಗುವಂತೆ ಇಟ್ಟುಬಿಡಿ. ಸೈಟಿನಲ್ಲಿ ಏನಿರಬೇಕು ಅನ್ನುವುದೂ ಮುಖ್ಯ. ಮೂರು ಪುಟದ ಕವನದ ಬ್ಲಾಗಿನಿಂದ ಒಬ್ಬನೇ ದಿನಕ್ಕೆ 20 ಜಿಬಿ ಇಳಿಸಿಕೊಂಡರೆ ಯಾರು ನಂಬುತ್ತಾರೆ? ಪಕ್ಕದ ಚಿತ್ರದುರ್ಗಕ್ಕೆ ಹೋಗಿ ಕೋಟೆಯ ಸುತ್ತುಗಳು, ಬತೇರಿಗಳು, ಹೊಂಡಗಳು, ಚಂದ್ರವಳ್ಳಿಯ ಕೆರೆ ಎಲ್ಲವನ್ನೂ ದೊಡ್ಡ ಅಳತೆಯಲ್ಲಿ ಫೋಟೋ, ವಿಡಿಯೋ ಮಾಡಿ ಹಾಕಿ. ಭಾರವಾದ ಫೈಲುಗಳು ಇಳಿಯುವುದು ಅಲ್ಲಿ ಸಹಜ. ಒಳ್ಳೆಯ ಸೈಟೂ ಒಂದು ಆಗುತ್ತದೆ.

ಆ ಸೈಟಿನಲ್ಲೇ ಒಂದು ಗುಟ್ಟಿನ ವಿಳಾಸ ಇರಲಿ. ಊಹಿಸಲು ಆಗದಷ್ಟು ಉದ್ದದ, ಕಂಪ್ಯೂಟರ್ ಆರಿಸಿದ ಅಕ್ಷರಗಳು. ಆ ವಿಳಾಸಕ್ಕೆ ಅಪ್‌ಗ್ರೇಡ್ ಹೆಡರ್ ಜೊತೆ ಬಂದವರನ್ನು ಮಾತ್ರ ಎಂಜಿನ್‌ಎಕ್ಸ್ ಹಿಂದಿರುವ ನಿಮ್ಮ ಪ್ರೋಗ್ರಾಮಿಗೆ ದಾಟಿಸಲಿ. ಉಳಿದವರಿಗೆಲ್ಲ ಸೈಟಿನ ಮಾಮೂಲಿ 404 ಪುಟವೇ ಸಿಗಬೇಕು. ಗುಟ್ಟಿನ ವಿಳಾಸಕ್ಕೇ ಯಾರಾದರೂ ಬರೀ ಬ್ರೌಸರಿನಲ್ಲಿ ಬಂದರೂ ಅದೇ 404, ಅದೇ ಅಳತೆ, ಅದೇ ಹೆಡರುಗಳು. ಇಲ್ಲಿ ಜಾರುವವರು ಬಹಳ. ನಿಮ್ಮ ಪ್ರೋಗ್ರಾಮ್ ಕ್ರ್ಯಾಶ್ ಆಗಿದ್ದಾಗ ಎಂಜಿನ್‌ಎಕ್ಸ್ 502 (ಹಿಂದಿನ ಸರ್ವರ್ ಉತ್ತರಿಸುತ್ತಿಲ್ಲ) ಕೊಡುತ್ತದೆ, ಆ ಒಂದು ಉತ್ತರವೇ ಹಿಂದೆ ಏನೋ ಇದೆ ಎಂದು ಹೇಳಿಬಿಡುತ್ತದೆ. ಅದನ್ನೂ 404ಗೆ ತಿರುಗಿಸಿ. ಎಂಜಿನ್‌ಎಕ್ಸ್ ತಾನಾಗಿ ಅಪ್‌ಗ್ರೇಡ್ ಹೆಡರನ್ನು ಹಿಂದಕ್ಕೆ ಕಳಿಸುವುದಿಲ್ಲ, ನೀವೇ ಬರೆದು ಕೊಡಬೇಕು. ಹಿಂದಿನಿಂದ 60 ಸೆಕೆಂಡು ಡೇಟಾ ಬರದಿದ್ದರೆ ಕನೆಕ್ಷನ್ ಮುಚ್ಚುತ್ತದೆ, ಅದನ್ನೂ ಹೆಚ್ಚಿಸಿ. ಆ ವಿಳಾಸದ ಆಕ್ಸೆಸ್ ಲಾಗ್ ಬಗ್ಗೆ ಕಾನೂನಿನ ಭಾಗದಲ್ಲಿ ಹೇಳುತ್ತೇನೆ.

ಡೊಮೈನ್ ಹೆಸರಿನ ಬಗ್ಗೆ ಒಂದು ಎಚ್ಚರಿಕೆ. ಸರ್ಟಿಫಿಕೇಟ್ ಸಿಕ್ಕ ಕೂಡಲೇ ಆ ಹೆಸರು ಸಾರ್ವಜನಿಕ ಪಟ್ಟಿಗೆ ಸೇರುತ್ತದೆ. ಸರ್ಟಿಫಿಕೇಟ್ ಟ್ರಾನ್ಸ್‌ಪರೆನ್ಸಿ ಅನ್ನುವುದು ಇದನ್ನೇ. ಆ ಪಟ್ಟಿ ನೋಡುತ್ತಾ ಕೂತಿರುವ ಸ್ಕ್ಯಾನರುಗಳು ಕೆಲವೇ ನಿಮಿಷದಲ್ಲಿ ಬಂದು ತಟ್ಟುತ್ತವೆ. 'ಪ್ರಾಕ್ಸಿ', 'ವಿಪಿಎನ್' ಅಂತ ಹೆಸರಲ್ಲೇ ಇಟ್ಟರೆ ಮುಗಿಯಿತು. ಹಾಗೆಯೇ ಸೈಟು ಪೂರ್ತಿ ಆದ ಮೇಲೆ ಸರ್ಟಿಫಿಕೇಟ್ ತನ್ನಿ, ಎಂಜಿನ್‌ಎಕ್ಸ್ ಸ್ವಾಗತ ಪುಟ ಇರುವಾಗ ಬೇಡ.

ಸರ್ವರ್ ಸರಿಹೋಯಿತು ಅಂದುಕೊಳ್ಳಿ. ಕ್ಲೈಂಟ್ ಕಡೆಯೂ ಗುರುತು ಉಳಿಯುತ್ತದೆ. ಟಿಎಲ್‌ಎಸ್ ಶುರುವಾಗುವಾಗ ಕ್ರೋಮ್ ಒಂದು ಪಟ್ಟಿ ಕಳಿಸುತ್ತದೆ: ನನಗೆ ಈ ಸೈಫರ್‌ಗಳು (ಡೇಟಾ ಮುಚ್ಚುವ ವಿಧಾನಗಳು) ಗೊತ್ತು, ಈ ವಿಸ್ತರಣೆಗಳು ಗೊತ್ತು ಅಂತ. ಪೈಥಾನ್ ಕಳಿಸುವ ಪಟ್ಟಿ ಬೇರೆ, ಗೋ ಭಾಷೆಯದು ಬೇರೆ. 2017ರಲ್ಲಿ ಬಂದ 'ಜೆಎ3' ಎಂಬ ವಿಧಾನ ಈ ಪಟ್ಟಿಯಿಂದಲೇ ಒಂದು ಬೆರಳಚ್ಚು ಮಾಡುತ್ತದೆ. ಕೋಟೆಯ ಫೋಟೋ ನೋಡಲು ಪೈಥಾನ್ ಪ್ರೋಗ್ರಾಮ್ ಯಾಕೆ ಗಂಟೆಗಟ್ಟಲೆ ಬಂದು ಕೂರುತ್ತದೆ? ಗೋ ಭಾಷೆಯಲ್ಲಿ 'ಯುಟಿಎಲ್‌ಎಸ್' ಎಂಬ ಲೈಬ್ರರಿ ಇದೆ. ಬ್ರೌಸರಿನ ಪಟ್ಟಿಯನ್ನೇ ಕಳಿಸಲು ಅದನ್ನು ಬಳಸುತ್ತಾರೆ. ಕ್ಲೈಂಟನ್ನು ಗೋದಲ್ಲಿ ಮತ್ತೆ ಬರೆಯುವುದು ನಿಮಗೆ ಒಳ್ಳೆಯದು. ಸರ್ವರ್ ಕಡೆ ಎಂಜಿನ್‌ಎಕ್ಸ್ ಇರುವುದರಿಂದ ಅಲ್ಲಿ ಪೈಥಾನ್ ಇದ್ದರೂ ತೊಂದರೆ ಇಲ್ಲ.

ಕೊನೆಗೂ ಪೂರ್ತಿ ಮುಚ್ಚಲು ಆಗದ್ದು ಅಳತೆ. ಲಾರಿಯಲ್ಲಿ ಮಂಡಕ್ಕಿ ಮೂಟೆ ಇದೆ ಅಂತ ಚೀಟಿ ಬರೆಸಿದ್ದಾರೆ ಅಂದುಕೊಳ್ಳಿ. ಟಾರ್ಪಾಲು ಬಿಚ್ಚಿಸುವ ಅಗತ್ಯವೇ ಇಲ್ಲ. ವೇಬ್ರಿಜ್ ಮೇಲೆ ನಿಲ್ಲಿಸಿದರೆ ಸಾಕು, ಮಂಡಕ್ಕಿ ಇಷ್ಟು ತೂಗಲ್ಲ ಅಂತ ದಾವಣಗೆರೆಯ ಯಾವ ಹುಡುಗನಾದರೂ ಹೇಳುತ್ತಾನೆ. ಸುರಂಗದಲ್ಲೂ ಹೀಗೇ. ನಿಮ್ಮ ಬಳಕೆದಾರ ಒಳಗಿನಿಂದ ಇನ್ನೊಂದು ಎಚ್‌ಟಿಟಿಪಿಎಸ್ ಸೈಟು ತೆರೆದಾಗ ಟಿಎಲ್‌ಎಸ್ ಒಳಗೆ ಇನ್ನೊಂದು ಟಿಎಲ್‌ಎಸ್ ಶುರುವಾಗುತ್ತದೆ. ಮೊದಲು ಕೆಲವು ನೂರು ಬೈಟು ಮೇಲೆ ಹೋಗುತ್ತದೆ. ಆಮೇಲೆ ಸರ್ಟಿಫಿಕೇಟ್ ಸಮೇತ ಕೆಲವು ಸಾವಿರ ಬೈಟು ಕೆಳಗೆ ಬರುತ್ತದೆ. ಮತ್ತೆ ಚಿಕ್ಕದೊಂದು ಮೇಲೆ. ಹೊರಗಿನ ಪದರ ಅಕ್ಷರಗಳನ್ನು ಮುಚ್ಚುತ್ತದೆ, ಅಳತೆಯನ್ನಲ್ಲ. ಈ ಏರಿಳಿತದಿಂದಲೇ ಪ್ರಾಕ್ಸಿಗಳನ್ನು ಗುರುತಿಸಬಹುದು ಎಂದು 2024ರಲ್ಲಿ ಸಂಶೋಧಕರು ತೋರಿಸಿದರು. ಖಾಲಿ ಬೈಟು ಸೇರಿಸುವುದು, ಹಲವು ಕನೆಕ್ಷನ್ನುಗಳನ್ನು ಒಂದರಲ್ಲೇ ಬೆರೆಸಿ ಕಳಿಸುವುದು ಇದಕ್ಕೆ ಮದ್ದು. ಬೆರೆಸುವುದರಿಂದ ಲಾಭ ಜಾಸ್ತಿ. ಬರೀ ಖಾಲಿ ಬೈಟು ಸೇರಿಸಿದರೆ ಹೆಚ್ಚೇನೂ ಸಿಗುವುದಿಲ್ಲ, ಡೇಟಾ ಮಾತ್ರ ವ್ಯರ್ಥ.

ಮೀಕ್‌ಗೆ ಒಂದು ಬಲವಾದ ಆಸರೆ ಇತ್ತು, ಅದನ್ನೂ ತಿಳಿದಿರಿ. ಎಸ್‌ಎನ್‌ಐನಲ್ಲಿ ದೊಡ್ಡ ಕಂಪನಿಯ ಹೆಸರು, ಒಳಗಿನ ಹೋಸ್ಟ್ ಹೆಡರಿನಲ್ಲಿ ನಿಜವಾದ ಗುರಿ. ಡೊಮೈನ್ ಫ್ರಂಟಿಂಗ್ ಅಂತ ಇದರ ಹೆಸರು. 2018ರ ಏಪ್ರಿಲ್‌ನಲ್ಲಿ ಗೂಗಲ್ ಇದನ್ನು ನಿಲ್ಲಿಸಿತು, ಅದೇ ತಿಂಗಳು ಅಮೆಜಾನ್ ಕೂಡ ಬಾಗಿಲು ಹಾಕುವುದಾಗಿ ಹೇಳಿತು. ಹಳೆಯ ಟ್ಯುಟೋರಿಯಲ್ಲುಗಳಲ್ಲಿ ಇನ್ನೂ ಇದೇ ಸಿಗುತ್ತದೆ. ಅದನ್ನು ನಂಬಿ ಪ್ರಾಜೆಕ್ಟ್ ಕಟ್ಟಬೇಡಿ.

ಸುರಕ್ಷತೆಯ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ನಿಮ್ಮ ಸರ್ವರ್ ಯಾರು ಯಾವ ವಿಳಾಸ ಕೇಳಿದರೂ ಹೋಗಿ ತರುತ್ತದೆಯೇ? ಹಾಗಾದರೆ 127.0.0.1 ಕೇಳಿದರೆ ಸರ್ವರ್ ಒಳಗಿನ ಡೇಟಾಬೇಸೇ ಸಿಗುತ್ತದೆ. 169.254.169.254 ಕೇಳಿದರೆ ಹಲವು ಕ್ಲೌಡುಗಳಲ್ಲಿ ಆ ಸರ್ವರಿನ ಗುಟ್ಟಿನ ಕೀಲಿಗಳೇ ಸಿಗಬಹುದು. ಖಾಸಗಿ ವಿಳಾಸಗಳನ್ನೆಲ್ಲ ಮುಚ್ಚಿ. ಡಿಎನ್‌ಎಸ್ ಉತ್ತರ ಬಂದ ಮೇಲೆ ಆ ಐಪಿಯನ್ನು ಪರೀಕ್ಷಿಸಿ. ಹೆಸರನ್ನು ಮಾತ್ರ ನೋಡಿದರೆ ಸಾಲದು. ಸ್ಪ್ಯಾಮ್ ಕಳಿಸುವವರ ಕೈಗೆ ಸಿಗದಂತೆ ಇಮೇಲ್ ಸಾಗುವ 25ನೇ ಪೋರ್ಟ್ ಮುಚ್ಚಿ. ಪ್ರತಿಯೊಬ್ಬ ಬಳಕೆದಾರನಿಗೂ ಬೇರೆ ಬೇರೆ ಕೀಲಿ ಕೊಡಿ. ಇಷ್ಟು ಮಾಡದೆ ಸರ್ವರ್ ಇಂಟರ್ನೆಟ್ಟಿಗೆ ಬಿಡಬೇಡಿ. ಬಳಕೆದಾರನಿಗೂ ಒಂದು ಮಾತು ಸ್ಪಷ್ಟವಾಗಿ ಹೇಳಿ: ಈ ಸುರಂಗ ಅವನನ್ನು ಅನಾಮಧೇಯ ಮಾಡುವುದಿಲ್ಲ. ಅವನು ಯಾವ ಸೈಟಿಗೆ ಹೋದ ಅನ್ನುವುದು ಸರ್ವರ್ ನಡೆಸುವ ನಿಮಗೆ ಕಾಣುತ್ತದೆ. ಇಂಟರ್ನೆಟ್ಟನ್ನೇ ಪೂರ್ತಿ ಬಂದ್ ಮಾಡಿದಾಗ ಇದರಿಂದ ಏನೂ ಆಗುವುದಿಲ್ಲ.

ಕಾನೂನಿಗೆ ಬರೋಣ. ನಾನು ವಕೀಲನಲ್ಲ, ನೆಟ್‌ವರ್ಕಿನವನು. ನಮ್ಮಲ್ಲಿ ಸೈಟು ತಡೆಯುವ ಆದೇಶಗಳು ಮುಖ್ಯವಾಗಿ ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಸೆಕ್ಷನ್ ಮತ್ತು 2009ರ ನಿಯಮಗಳ ಅಡಿ ಬರುತ್ತವೆ. ಆದೇಶ ಪಾಲಿಸದ ಮಧ್ಯವರ್ತಿ ಸಂಸ್ಥೆಗೆ ಏಳು ವರ್ಷದವರೆಗೆ ಜೈಲು ಎಂದೂ ಅದರಲ್ಲಿದೆ. ವಿಪಿಎನ್ ಬಳಸುವುದಕ್ಕೆ ದೇಶದ ಮಟ್ಟದಲ್ಲಿ ನಿಷೇಧ ಇಲ್ಲ. ಆದರೆ ಜಮ್ಮು ಕಾಶ್ಮೀರದ ಕೆಲವು ಜಿಲ್ಲೆಗಳಲ್ಲಿ ಆಗಾಗ ತಾತ್ಕಾಲಿಕ ನಿಷೇಧದ ಆದೇಶ ಬಂದಿದೆ. ದೇಶದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ವಿಪಿಎನ್ ಸೇವೆ, ಬಾಡಿಗೆ ಸರ್ವರ್ ಕೊಡುವವರು ಗ್ರಾಹಕರ ಹೆಸರು, ವಿಳಾಸ, ಐಪಿ ಮುಂತಾದ ವಿವರವನ್ನು ಐದು ವರ್ಷ ಇಡಬೇಕು. ಸಿಸ್ಟಮ್ ಲಾಗ್‌ಗಳನ್ನು 180 ದಿನ ಇಡಬೇಕು. ಇದು ಬಂದ ಮೇಲೆ ಕೆಲವು ದೊಡ್ಡ ವಿಪಿಎನ್ ಕಂಪನಿಗಳು ಭಾರತದಲ್ಲಿದ್ದ ತಮ್ಮ ಸರ್ವರುಗಳನ್ನೇ ತೆಗೆದವು. ಹಾಗಾಗಿ ಲಾಗ್ ವಿಷಯದಲ್ಲಿ ನನ್ನ ಸಲಹೆ ಇದು: ನೀವು ಮೂವರೇ ಪರೀಕ್ಷೆಗೆ ಬಳಸುವಾಗ ನಿಮ್ಮದೇ ಟ್ರಾಫಿಕ್ಕಿನ ಲಾಗ್ ಇಡಿ, ವರದಿಗೂ ಬೇಕಾಗುತ್ತದೆ. ಹೊರಗಿನವರಿಗೆ ಸೇವೆ ಅಂತ ತೆರೆಯಬೇಡಿ. ತೆರೆದರೆ ಅವರು ಮಾಡಿದ್ದೆಲ್ಲ ನಿಮ್ಮ ಐಪಿಯಿಂದಲೇ ಮಾಡಿದಂತೆ ಕಾಣುತ್ತದೆ, ಪೊಲೀಸರು ಮೊದಲು ಬರುವುದು ನಿಮ್ಮ ಮನೆಗೆ.

ಬೇರೆ ದೇಶದಲ್ಲಿ ಕಷ್ಟದಲ್ಲಿರುವವರಿಗೆ ನಿಜವಾಗಿ ನೆರವಾಗಬೇಕು ಅನ್ನಿಸಿದರೆ ನಿಮ್ಮ ಕೋಡ್ ಬದಲು ಟಾರ್‌ನ ವೆಬ್‌ಟನೆಲ್ ಸೇತುವೆ ನಡೆಸುವುದು ವಾಸಿ. ಅದು ಟ್ರಾಫಿಕ್ಕನ್ನು ನೇರವಾಗಿ ಹೊರಗೆ ಬಿಡುವುದಿಲ್ಲ, ಟಾರ್ ಜಾಲದ ಮುಂದಿನ ಕಂಪ್ಯೂಟರಿಗೆ ದಾಟಿಸುತ್ತದೆ. ಹೊರಗಿನ ಸೈಟುಗಳಿಗೆ ಕಾಣುವುದು ಕೊನೆಯ ಕಂಪ್ಯೂಟರಿನ ಐಪಿ, ನಿಮ್ಮದಲ್ಲ.

ಪ್ರಾಜೆಕ್ಟಿಗೆ ಏನು ತೋರಿಸಬೇಕು? ಸೆನ್ಸಾರನ್ನೂ ನೀವೇ ಕಟ್ಟಿ. ಮೂರು ಲ್ಯಾಪ್‌ಟಾಪ್ ಸಾಕು. ಒಂದು ಕ್ಲೈಂಟ್, ಒಂದು ಸರ್ವರ್, ನಡುವಿನದು ರೂಟರ್. ನಡುವಿನದರಲ್ಲಿ ಟ್ರಾಫಿಕ್ ಪರೀಕ್ಷಿಸುವ ಸುರಿಕಾಟ ಅಥವಾ ಝೀಕ್ ಎಂಬ ಪ್ರೋಗ್ರಾಮ್ ಹಾಕಿ. ಕಾಲೇಜಿನ ವೈಫೈ ಮೇಲೆ ಬೇಡ. ಅಲ್ಲಿ ಬೇರೆಯವರ ಟ್ರಾಫಿಕ್ಕೂ ಸಿಕ್ಕಿಬಿಡುತ್ತದೆ. ಮೂವರಲ್ಲಿ ಒಬ್ಬರು ಪೂರ್ತಿ ಸೆನ್ಸಾರ್ ಪಕ್ಷ ವಹಿಸಲಿ, ಉಳಿದಿಬ್ಬರ ಕೋಡ್ ನೋಡದೆ ಹಿಡಿಯಲು ಪ್ರಯತ್ನಿಸಲಿ. ಮೊದಲು ಎಸ್‌ಎನ್‌ಐ, ಆಮೇಲೆ ಜೆಎ3, ಆಮೇಲೆ ತಟ್ಟಿ ನೋಡುವುದು, ಕೊನೆಗೆ ಪ್ಯಾಕೆಟ್ಟಿನ ಅಳತೆ. ಈಗಿರುವ ಫ್ಲಾಸ್ಕ್ ಆವೃತ್ತಿಯನ್ನು ಅಳಿಸಬೇಡಿ. ಅದು ಯಾವ ಹಂತದಲ್ಲಿ ಸಿಕ್ಕಿತು, ಹೊಸದು ಯಾವ ಹಂತದವರೆಗೆ ಉಳಿಯಿತು ಎಂದು ಪಕ್ಕಪಕ್ಕ ಇಟ್ಟು ತೋರಿಸಿ. ಜೊತೆಗೆ ಮಾಮೂಲಿ ಬ್ರೌಸಿಂಗನ್ನೂ ಅದೇ ಸೆನ್ಸಾರ್ ಮೂಲಕ ಹಾಯಿಸಿ, ತಪ್ಪಾಗಿ ಎಷ್ಟು ಹಿಡಿಯಿತು ಎಂದು ಎಣಿಸಿ. ಮಾಮೂಲಿ ಸೈಟುಗಳನ್ನೂ ಸೇರಿಸಿ ಹಿಡಿಯುವ ಸೆನ್ಸಾರನ್ನು ಯಾರೂ ಬಹಳ ದಿನ ಓಡಿಸಲಾರರು. ಮೇಡಂ ಕೇಳಿದ 'ಹೇಗೆ ತೋರಿಸ್ತೀರಿ'ಗೆ ಆ ಎರಡು ಅಂಕಿಗಳೇ ಉತ್ತರ. ಅಳತೆಯ ಹಂತದಲ್ಲಿ ನಿಮ್ಮ ಹೊಸ ಆವೃತ್ತಿಯೂ ಸಿಕ್ಕಿಬಿದ್ದರೆ ಅದನ್ನೂ ಹಾಗೇ ಬರೆಯಿರಿ, ವೈವಾದಲ್ಲಿ ಹೆಚ್ಚು ಪ್ರಶ್ನೆ ಬರುವುದು ಅಲ್ಲಿಂದಲೇ.